ಅಂಧರಿಗೆ ವಿದ್ಯೆಯ ದಾಸೋಹ



ಭರತ ಹುಣ್ಣಿಮೆಯ ಮೈಲಾರದ ಜಾತ್ರೆಗೆ ಬರಿಗೈಯಲ್ಲಿ ಹೋಗುವವರು ವಿರಳ. ಮೈಲಾರಲಿಂಗನಿಗೆ ಭಂಡಾರ, ಗೊರವಯ್ಯನ ದೋಣಿಗೆ ಹಾಲು ಬಾಳೆಹಣ್ಣು, ದಾರಿಯ ಮಗ್ಗುಲಲ್ಲಿ ಬಟ್ಟೆ ಹಾಸಿ ಕುಳಿತವರಿಗೆ ಚಿಲ್ಲರೆ ಕಾಸು, ಹೀಗೆ ಕೊಡುತ್ತ ಹೋಗುವುದೇ ಅಲ್ಲಿಯ ಪದ್ಧತಿ. ಆದರೆ ಈ ಕೊಡುಗೆಗಳೆಲ್ಲ ಒಂದೇ ಬಗೆಯವಲ್ಲವೆಂಬುದನ್ನು ತಾವು ಗಮನಿಸಿರಬಹುದು. ಗೊರವಯ್ಯನು ದೋಣಿಯನ್ನು ಮುಂದಿಟ್ಟಾಗ ಕೊಡುವವನೇ ಬಾಗುತ್ತಾನೆ. ಆ ಕರಿಯ ಕಂಬಳಿಗೂ ಡಮರುಗಕ್ಕೂ ದೀಕ್ಷೆಯ ಗೌರವವುಂಟು. ದಾರಿಯ ಮಗ್ಗುಲಿನ ಅಂಧನು ಕೈಯೊಡ್ಡಿದಾಗ ಬಾಗುವವನು ಅವನೇ. ಹೀಗೆ ಬಾಗಿದ ತಲೆಗಳನ್ನು ಎತ್ತಿ ನಿಲ್ಲಿಸಿದ ಒಂದು ದಾಸೋಹದ ಇತಿಹಾಸವನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಮೈಲಾರದ ಬಳಿ ಹರಿಯುವ ತುಂಗಭದ್ರೆಯ ಆಚೆಯ ದಡವೆಂದರೆ ರಾಣೆಬೆನ್ನೂರಿನ ಸೀಮೆ. ಆ ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾಲಯ್ಯನೆಂಬ ಬಾಲಕನೇ ಮುಂದೆ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳಾದರು. ಆ ಕಾಲಕ್ಕೆ ಈ ಹೊಳೆಯೇ ಎರಡು ಪ್ರಾಂತಗಳ ಗಡಿ. ಆಚೆಯದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ, ಈಚೆಯ ಹಡಗಲಿ ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಆದರೆ ಭಕ್ತರ ನಡೆಗೂ ಸ್ವಾಮಿಗಳ ಜೋಳಿಗೆಗೂ ಅಂತಹ ಗಡಿಯಿರಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರೆಂಬುದನ್ನು ತಾವೆಲ್ಲ ಬಲ್ಲಿರಿ. ಅವರು ಗುರುತಿಸಿದ ಇಬ್ಬರು ಅಂಧ ಬಾಲಕರ ಕಥೆ ಅಷ್ಟೇ ಮಹತ್ತ್ವದ್ದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಕುಟುಂಬವೊಂದರಲ್ಲಿ ಗುರುಬಸಯ್ಯ, ಗದಿಗೆಯ್ಯ ಎಂಬ ಇಬ್ಬರು ಅಣ್ಣತಮ್ಮಂದಿರು. ಇಬ್ಬರಿಗೂ ಕಣ್ಣಿಲ್ಲ. ಇಬ್ಬರ ಕಂಠವೂ ಇಂಪು. ಗದಿಗೆಯ್ಯನು ಹುಟ್ಟಿದ್ದು 1892ರಲ್ಲಿ. ಇಂತಹ ಮಕ್ಕಳನ್ನು ಕಂಡಾಗ ಸಾಮಾನ್ಯವಾಗಿ ನಾವು ಮಾಡುವುದೇನು? ಮಠದ ಪಂಕ್ತಿಯಲ್ಲಿ ಒಂದು ಎಲೆ ಹಾಕಿಸುತ್ತೇವೆ. ಅದೂ ಪುಣ್ಯವೇ. ಕುಮಾರ ಸ್ವಾಮಿಗಳು ಎಲೆಯನ್ನೂ ಹಾಕಿಸಿದರು, ಸಂಗೀತದ ಗುರುಗಳನ್ನೂ ಹುಡುಕಿಸಿದರು. ಅಣ್ಣನು ಅಕಾಲದಲ್ಲಿ ಲಿಂಗೈಕ್ಯನಾದನು. ತಮ್ಮನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು, ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಪದ್ಧತಿಯನ್ನು ಅಭ್ಯಸಿಸಿದನು, ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಿಂದಲೂ ವಿದ್ಯೆಯನ್ನು ಪಡೆದನು. ವಿದ್ಯೆಯ ವಿಷಯದಲ್ಲಿ ಸ್ವಾಮಿಗಳಿಗೆ ಜಾತಿಮತಗಳ ಸಂಕೋಚವಿರಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ಗದಿಗೆಯ್ಯನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ತಾನು ಪಡೆದುದನ್ನು ಅಂಧರಿಗೆ, ಅನಾಥರಿಗೆ ಕೊಡಬೇಕೆಂಬುದು ಗುರುವಿನ ಅಪ್ಪಣೆ. ಅವರು ಬ್ರಹ್ಮಚಾರಿಗಳಾಗಿಯೇ ಉಳಿದು ಬಾಳಿನುದ್ದಕ್ಕೂ ಆ ಅಪ್ಪಣೆಯನ್ನು ನಡೆಸಿದರು.

ಇಲ್ಲಿ ಒಂದು ಹಳೆಯ ಶಾಸನದ ನೆನಪಾಗುತ್ತದೆ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠದಲ್ಲಿ ಯಾರಾರಿಗೆ ಅನ್ನ ದೊರೆಯುತ್ತಿತ್ತೆಂಬುದನ್ನು ವಿವರವಾಗಿ ಹೇಳುತ್ತದೆ. ದೀನರು, ಅನಾಥರು, ಹೆಳವರು, ಅಂಧರು, ಕಿವುಡರು. ಅವರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನರ್ತಿಸುವವರು. ರೋಗಿಗಳಿಗೆ ಔಷಧೋಪಚಾರವೂ ಅಲ್ಲಿತ್ತು. ಎಂಟುನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನ ಒಂದು ಮಠ ಇಷ್ಟನ್ನು ನಡೆಸಿತೆಂಬುದು ಹೆಮ್ಮೆಯ ಸಂಗತಿ. ಆದರೂ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಅಲ್ಲಿ ಅಂಧರು ಬೇರೆ, ಗಾಯಕರು ಬೇರೆ. ಒಬ್ಬರು ಅನುಕಂಪಕ್ಕೆ ಪಾತ್ರರು, ಇನ್ನೊಬ್ಬರು ಮನ್ನಣೆಗೆ ಪಾತ್ರರು. ಆ ಎರಡು ಹೆಸರುಗಳನ್ನು ಒಂದೇ ವ್ಯಕ್ತಿಗೆ ಸಲ್ಲಿಸಿದುದು ಪಂಚಾಕ್ಷರಿ ಗವಾಯಿಗಳ ಸಾಧನೆ.

ಅವರ ಪಾಠಶಾಲೆಗೆ ಮೊದಲಲ್ಲಿ ಮನೆಯೆಂಬುದೇ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ, ಕೀರ್ತನ ಗಾಯನಗಳನ್ನು ನಡೆಸುತ್ತ, ಭಕ್ತರು ಕೊಟ್ಟ ದವಸದಿಂದ ಮಕ್ಕಳನ್ನು ಸಲಹುತ್ತಿದ್ದರು. ಮುಂದೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರಂತಹ ದಾನಿಗಳ ಆಶ್ರಯ ದೊರೆತು ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಕಾಣದ ಮಗುವಿಗೆ ಸ್ವರವನ್ನು ಕಿವಿಯಿಂದ, ಹಾರ್ಮೋನಿಯಂ ಮನೆಗಳನ್ನು ಬೆರಳಿನಿಂದ, ತಬಲಾದ ಬೋಲುಗಳನ್ನು ಬಾಯಿಪಾಠದಿಂದ ಕಲಿಸಬೇಕು. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡಬೇಕು.

ಆದರೆ ಸಂಗೀತವನ್ನೇ ಏಕೆ ಆರಿಸಿದರು? ಅಂಧರಿಗೆ ಅದು ಸುಲಭವೆಂಬ ಉತ್ತರ ಅರ್ಧ ಸತ್ಯ ಮಾತ್ರ. ಕಲಿತ ವಿದ್ಯೆಗೆ ಊರಿನಲ್ಲಿ ಬೇಡಿಕೆಯಿರದಿದ್ದರೆ ಕಲಿತವನು ಮತ್ತೆ ಜಾತ್ರೆಯ ದಾರಿಯಲ್ಲೇ ಕೂಡಬೇಕಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಆ ಬೇಡಿಕೆಯಿತ್ತು. ಶ್ರಾವಣದಲ್ಲಿ ಮಠಮಠಗಳಲ್ಲಿ ಪುರಾಣ ನಡೆಯುತ್ತದೆ. ಪುರಾಣಕ್ಕೆ ಶಾಸ್ತ್ರಿಗಳೊಡನೆ ಒಬ್ಬ ಗವಾಯಿ, ಒಬ್ಬ ತಬಲಾವಾದಕ ಬೇಕೇ ಬೇಕು. ನಾಟಕ ಕಂಪನಿಗಳಿಗೆ ಕಾಲು ಪೆಟ್ಟಿಗೆ ನುಡಿಸುವವರು ಬೇಕು. ಶಾಲೆಗಳಿಗೆ ಸಂಗೀತ ಶಿಕ್ಷಕರು ಬೇಕು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಕಲಾವಿದರಿಗೆ ಇನ್ನೊಂದು ಬಾಗಿಲು ತೆರೆಯಿತು. ಇದು ಭಾವುಕತೆಯ ದಾನವಲ್ಲ, ಲೋಕವ್ಯವಹಾರವನ್ನು ಬಲ್ಲವರು ಮಾಡಿದ ದಾನ.

ಕಣ್ಣಿದ್ದವರೂ ಅಲ್ಲಿ ಕಲಿತರು. ಯಲಿವಾಳದ ಬಸವರಾಜ ರಾಜಗುರುಗಳು ಅವರಲ್ಲಿ ಅಗ್ರಗಣ್ಯರು. 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರನೆಯ ಶತಮಾನೋತ್ಸವದಲ್ಲಿ ತರುಣ ಬಸವರಾಜರು ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಿದಾಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಸಾವಿರಾರು ಜನರ ಎದುರು ಅಂಧ ಗುರುವೊಬ್ಬನು ಶಿಷ್ಯನ ಮಗ್ಗುಲಲ್ಲಿ ತಾಳ ಹಿಡಿದು ಕುಳಿತ ಆ ದೃಶ್ಯವನ್ನು ಕಣ್ಮುಂದೆ ತಂದುಕೊಳ್ಳಿರಿ.

ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಆಶ್ರಮದ ಭಾರ ಮೂವತ್ತರ ಹರೆಯದ ಪುಟ್ಟರಾಜ ಗವಾಯಿಗಳ ಹೆಗಲಿಗೇರಿತು. ಅವರು 1914ರಲ್ಲಿ ದೇವಗಿರಿಯಲ್ಲಿ ಜನಿಸಿದವರು, ಶೈಶವದಲ್ಲೇ ದೃಷ್ಟಿಯನ್ನು ಕಳೆದುಕೊಂಡವರು. ಅನೇಕ ವಾದ್ಯಗಳಲ್ಲಿ ಪಾರಂಗತರಾಗಿ, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆ ಮಾಡಿ, 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಅರವತ್ತಾರು ವರ್ಷಗಳ ಕಾಲ ಅಷ್ಟು ಮಕ್ಕಳ ಅನ್ನಕ್ಕೆ ಹಣವೆಲ್ಲಿಂದ ಬಂದಿತು? ಭಕ್ತರು ನಡೆಸಿದ ತುಲಾಭಾರಗಳಿಂದ ಬಂದಿತು. ತಕ್ಕಡಿಯ ಒಂದು ಪರಡಿಯಲ್ಲಿ ಗುರು, ಇನ್ನೊಂದರಲ್ಲಿ ನಾಣ್ಯ. ಆಶ್ರಮದ ನಾಟಕ ಸಂಘದಿಂದಲೂ ಬಂದಿತು. ಪುಟ್ಟರಾಜರು ತಾವೇ ನಾಟಕಗಳನ್ನು ಬರೆದರು. ಜನರು ಚೀಟಿ ಕೊಂಡು ಆಟ ನೋಡಿದರು. ಈ ಎರಡನೆಯದೇ ನನಗೆ ಹೆಚ್ಚು ಹಿಡಿಸುತ್ತದೆ. ಚೀಟಿ ಕೊಂಡವನಿಗೆ ತಾನು ದಾನ ಮಾಡಿದೆನೆಂಬ ಅಹಂಕಾರ ಬರಲು ಆಸ್ಪದವಿಲ್ಲ. ಆಯ್ದಕ್ಕಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಬಲ್ಲ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅನ್ನದಾಸೋಹವನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಹಸಿದ ಮಗು ಸ್ವರ ಹಿಡಿಯಲಾರದು. ಆಶ್ರಮದಲ್ಲಿಯೂ ಪ್ರಸಾದ ಮೊದಲು, ಪಾಠ ಆಮೇಲೆ. ಆದರೆ ಪ್ರಸಾದಕ್ಕೆ ಕೊಡುವ ಭಕ್ತರು ಹೆಚ್ಚು, ತಂಬೂರಿ ಕೊಡಿಸುವವರು ಕಡಿಮೆ. ಪಂಕ್ತಿಯ ತೃಪ್ತಿ ಅಂದೇ ಕಣ್ಣಿಗೆ ಕಾಣುತ್ತದೆ, ವಿದ್ಯೆಯ ಫಲಕ್ಕೆ ಹತ್ತು ವರ್ಷ ಕಾಯಬೇಕು.

ಹಡಗಲಿ, ಕೊಟ್ಟೂರು, ಹರಪನಹಳ್ಳಿ, ಕೂಡ್ಲಿಗಿಗಳ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಪುರಾಣದ ಮಂಗಲದ ದಿನ ಗದಗಿನಲ್ಲಿ ಕಲಿತ ಗವಾಯಿಯೊಬ್ಬರು ಬಂದಿದ್ದರೆ ತಾವು ತಪ್ಪದೆ ಹೋಗಿರಿ. ಹುಟ್ಟಿದೂರಿನಲ್ಲಿ ಕುರುಡನೆಂದು ಕರೆಸಿಕೊಂಡಿದ್ದವರನ್ನು ಅಲ್ಲಿ ಹಿರಿಯರು ಕಿರಿಯರು ಎಲ್ಲರೂ ಗವಾಯಿಗಳೇ ಎಂದು ಕರೆಯುವುದನ್ನು ಕೇಳುವಿರಿ. ಶಾಲು ಹೊದಿಸಿ, ಫಲತಾಂಬೂಲದೊಡನೆ ಕಾಣಿಕೆಯನ್ನು ಎರಡೂ ಕೈಗಳಿಂದ ಒಪ್ಪಿಸುತ್ತಾರೆ. ಅವರು ಹೆಚ್ಚು ಹೊತ್ತು ನಿಲ್ಲಲಾರರು. ಪೆಟ್ಟಿಗೆಯನ್ನು ಕಟ್ಟಿಸಿಕೊಂಡು ಬೆಳಗಿನ ಬಸ್ಸಿಗೆ ಹೊರಡಬೇಕಾಗಿರುತ್ತದೆ. ಮುಂದಿನ ಊರಿನಲ್ಲಿ ಪುರಾಣ ಗೊತ್ತಾಗಿರುತ್ತದೆ.