ಹಳದಿ ಯಂತ್ರದ ಮೇಲಿನ ಕೆಂಪು ನಂಬರು

ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಅಗೆಯೋ ಜಾಗದಲ್ಲೋ, ಹೊಸ ಲೇಔಟ್ ಸಮ ಮಾಡ್ತಿರೋ ಕಡೆಯೋ ಸ್ವಲ್ಪ ಹತ್ತಿರ ಹೋಗಿ ನೋಡಿ. ಬುಲ್ಡೋಜರ್, ಲೋಡರ್, ಎಕ್ಸ್‌ಕವೇಟರ್, ಎಲ್ಲದರ ಮೈಮೇಲೂ ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಒಂದು ನಂಬರು ಇರತ್ತೆ. ಇವು ರಸ್ತೆಯಲ್ಲಿ ಓಡೋ ಗಾಡಿಗಳಲ್ಲ, ಮಾಮೂಲಿ ನಂಬರ್ ಪ್ಲೇಟ್ ಬೇಕಿಲ್ಲ. ಈ ನಂಬರನ್ನು ಕೊಡೋದು ಸಾರಿಗೆ ಇಲಾಖೆಯೂ ಅಲ್ಲ, ರಾಜ್ಯದ ವಾಯು ಸಂಪನ್ಮೂಲ ಮಂಡಳಿ. ಇಲ್ಲಿ ಎಲ್ಲರೂ ಅದನ್ನ ಕಾರ್ಬ್ ಅಂತ ಕರೀತಾರೆ.

ಕೆಲಸದ ನಿಮಿತ್ತ ನಾನು ಒಂದು ಗುತ್ತಿಗೆ ಕಂಪನಿಯ ಯಂತ್ರಗಳ ಲೆಕ್ಕದ ತಂತ್ರಾಂಶ ನೋಡ್ಕೋತೀನಿ. ಯಾವ ಯಂತ್ರ, ಯಾವ ವರ್ಷದ ಎಂಜಿನ್ನು, ಎಷ್ಟು ಹಾರ್ಸ್‌ಪವರ್, ಎಲ್ಲವನ್ನೂ ಮಂಡಳಿಯ ‘ಡೋರ್ಸ್’ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಒಪ್ಪಿಸಬೇಕು. ಆ ಎಕ್ಸೆಲ್ ಶೀಟಿನ ಕಾಲಮ್ಮುಗಳ ಹಿಂದೆ ಏನಿದೆ ಅಂತ ಹುಡುಕುತ್ತಾ ಹೋದವನಿಗೆ ಎಂಬತ್ತು ವರ್ಷದ ಒಂದು ಕಥೆ ಸಿಕ್ಕಿತು. ಅದನ್ನ ನಿಮಗೂ ಹೇಳೋಣ ಅಂತ.

1943ರ ಜುಲೈ 26. ಎರಡನೇ ಮಹಾಯುದ್ಧದ ಕಾಲ. ಲಾಸ್ ಏಂಜಲೀಸ್ ನಗರದ ಮೇಲೆ ದಟ್ಟ ಹೊಗೆ ಕವಿದು ಜನರ ಕಣ್ಣು ಉರಿಯೋಕೆ ಶುರುವಾಯ್ತು, ಗಂಟಲು ಕಟ್ಟಿತು. ಜಪಾನಿನವರು ವಿಷಾನಿಲ ಬಿಟ್ಟರೇನೋ ಅಂತ ಕೆಲವರು ಹೆದರಿದರು. ಆಮೇಲೆ ಊರೊಳಗಿದ್ದ ಬ್ಯುಟಾಡೈಯೀನ್ ಕಾರ್ಖಾನೆಯ ಮೇಲೆ ಅನುಮಾನ ತಿರುಗಿತು. ಕಾರ್ಖಾನೆ ನಿಲ್ಲಿಸಿದ್ದೂ ಆಯ್ತು, ಹೊಗೆ ಮಾತ್ರ ನಿಲ್ಲಲಿಲ್ಲ.

ಗುಟ್ಟು ಬಿಡಿಸಿದವರು ಆರೀ ಹಾಗೆನ್-ಸ್ಮಿಟ್. ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರತ್ತೆ ಅಂತ ಸಂಶೋಧನೆ ಮಾಡ್ತಿದ್ದವರು. ಹಣ್ಣಿನ ಘಮ ಹಿಡಿದ ವಿದ್ಯೆಯನ್ನೇ ಊರಿನ ಗಾಳಿಗೂ ಹಚ್ಚಿದರು. ವಾಹನಗಳಿಂದ, ಎಣ್ಣೆ ಶುದ್ಧೀಕರಣ ಘಟಕಗಳಿಂದ ಬರೋ ಹೈಡ್ರೋಕಾರ್ಬನ್ನು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಲ್ಲಿ ಬೆಂದು ಓಝೋನ್ ಆಗತ್ತೆ, ಕಣ್ಣುರಿಗೆ ಅದೇ ಮೂಲ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಂದರೆ ತಪ್ಪಿತಸ್ಥ ಯಾವುದೋ ಒಂದು ಕಾರ್ಖಾನೆ ಅಲ್ಲ, ಪ್ರತಿಯೊಬ್ಬರ ಗ್ಯಾರೇಜಿನಲ್ಲಿ ನಿಂತಿರೋ ಕಾರು. ಜನಕ್ಕೆ ಇದು ಒಪ್ಪೋ ಮಾತೇ? ಎಣ್ಣೆ ಕಂಪನಿಗಳಿಗಂತೂ ಅಲ್ಲವೇ ಅಲ್ಲ. ಆದರೂ 1967ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿಯಿಂದ ಈ ಮಂಡಳಿ ಹುಟ್ಟಿತು, ಹಾಗೆನ್-ಸ್ಮಿಟ್ ಅವರೇ ಮೊದಲ ಅಧ್ಯಕ್ಷರಾದರು.

ಮುಂದಿನ ದಶಕಗಳಲ್ಲಿ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಪೆಟ್ರೋಲಿನಿಂದ ಸೀಸ ಹೋಯ್ತು. ಆದರೆ ಬುಲ್ಡೋಜರು? ಅದನ್ನ ಯಾರೂ ಕೇಳಲಿಲ್ಲ. ಅದು ಬೇಲಿಯೊಳಗೆ ದುಡಿಯೋ ಜೀವ, ಹೊಗೆ ತಪಾಸಣೆಗೆ ಬರೋದಿಲ್ಲ. ಅದರ ಎಂಜಿನ್ನುಗಳಿಗೆ ಮಿತಿ ಹಾಕೋದು ಶುರುವಾಗಿದ್ದೇ 1996ರಿಂದ, ಹಂತ ಹಂತವಾಗಿ. ಆ ಹಂತಗಳಿಗೆ ಟಿಯರ್ 1, 2, 3, 4 ಅಂತ ಹೆಸರು. ಅದಕ್ಕೂ ಮುಂಚಿನ, ಯಾವ ಮಿತಿಯೂ ಇಲ್ಲದವನ್ನ ಟಿಯರ್ 0 ಅಂತಾರೆ.

ಸರಿ, ಹೊಸ ಎಂಜಿನ್ನು ಚೊಕ್ಕವಾದರೆ ಕಾಲಕ್ರಮೇಣ ಎಲ್ಲ ಸರಿಹೋಗತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಕಾರಿನ ಮಟ್ಟಿಗೆ ಹೌದು. ಡೀಸೆಲ್ ಯಂತ್ರದ ಮಟ್ಟಿಗೆ ಅಲ್ಲ, ಯಾಕಂದರೆ ಅದು ಸಾಯೋದೇ ಇಲ್ಲ. ಎಂಜಿನ್ ಬಿಚ್ಚಿ, ಪಿಸ್ಟನ್ ಬದಲಿಸಿ, ಮತ್ತೆ ಕೂರಿಸಿದರೆ ಇನ್ನೊಂದು ತಲೆಮಾರು ದುಡಿಯತ್ತೆ. ಅಪ್ಪ ಕೊಂಡ ಲೋಡರನ್ನ ಮಗ ಓಡಿಸೋದು ಈ ಧಂಧೆಯಲ್ಲಿ ವಿಶೇಷ ಏನಲ್ಲ.

ಇದರ ಮೇಲೆ ಕಾನೂನಿನದೊಂದು ಗಂಟು. 1990ರ ಫೆಡರಲ್ ತಿದ್ದುಪಡಿ ಪ್ರಕಾರ 175 ಹಾರ್ಸ್‌ಪವರಿಗಿಂತ ಕಡಿಮೆ ಇರೋ ಹೊಸ ಕೃಷಿ ಮತ್ತು ನಿರ್ಮಾಣ ಎಂಜಿನ್ನುಗಳಿಗೆ ಯಾವ ರಾಜ್ಯವೂ ತನ್ನದೇ ಮಿತಿ ಹಾಕೋ ಹಾಗಿಲ್ಲ, ಕ್ಯಾಲಿಫೋರ್ನಿಯಾ ಕೂಡ. ಹೊಸದರ ತಂಟೆಗೆ ಹೋಗೋ ಹಾಗಿಲ್ಲ ಅಂದಮೇಲೆ ಕೈಗೆ ಉಳಿದಿದ್ದು ಈಗಾಗಲೇ ದುಡೀತಿರೋ ಹಳೆಯವು. ಅದಕ್ಕೂ ಕೇಂದ್ರದ ಪರಿಸರ ಸಂಸ್ಥೆಯ ಒಪ್ಪಿಗೆ ಬೇಕು, ಆದರೆ ದಾರಿಯಂತೂ ಇತ್ತು.

ಆ ದಾರಿ ಹಿಡಿಯೋಕೆ ಒಂದು ಬಲವಾದ ಕಾರಣವೂ ಬಂತು. 1998ರಲ್ಲಿ ಮಂಡಳಿ ಡೀಸೆಲ್ ಹೊಗೆಯ ಮಸಿಕಣಗಳನ್ನ ವಿಷಕಾರಿ ವಾಯುಮಾಲಿನ್ಯಕಾರಕ ಅಂತ ಘೋಷಿಸಿತು. ರಾಜ್ಯದ ಗಾಳಿಯಲ್ಲಿರೋ ವಿಷಗಳಿಂದ ಬರೋ ಕ್ಯಾನ್ಸರ್ ಅಪಾಯದಲ್ಲಿ ಸುಮಾರು 70 ಪಾಲು ಈ ಮಸಿಯದೇ ಅನ್ನೋದು ಮಂಡಳಿಯ ಲೆಕ್ಕ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಅಂತ ಸಾರಿತು.

2007ರ ಜುಲೈ 26ರಂದು ಮಂಡಳಿ ಆ ನಿಯಮಕ್ಕೆ ಮುದ್ರೆ ಒತ್ತಿತು. ತಾರೀಕು ಗಮನಿಸಿ: ಲಾಸ್ ಏಂಜಲೀಸ್ ಮೇಲೆ ಹೊಗೆ ಕವಿದ ದಿನಕ್ಕೆ ಸರಿಯಾಗಿ 64 ವರ್ಷ. ರಾಜ್ಯದಲ್ಲಿರೋ ಸುಮಾರು 1,80,000 ಯಂತ್ರಗಳಿಗೆ ಇದು ಅನ್ವಯ, 2030ರ ಹೊತ್ತಿಗೆ ಸುಮಾರು 4,000 ಅಕಾಲ ಮರಣ ತಪ್ಪತ್ತೆ ಅಂತ ಆಗ ಅಂದಾಜು ಹಾಕಿದ್ದರು.

ನಿಯಮದ ತಿರುಳು ಇಂಜಿನಿಯರಿಂಗ್ ಓದಿದವರಿಗೆ ಸುಲಭವಾಗಿ ಅರ್ಥವಾಗತ್ತೆ. ಅದು ಥೇಟ್ ಸಿಜಿಪಿಎ. ನಿಮ್ಮ ಒಂದೊಂದು ಯಂತ್ರ ಒಂದೊಂದು ವಿಷಯ. ಅದರ ಹಾರ್ಸ್‌ಪವರ್ ಅಂದರೆ ಕ್ರೆಡಿಟ್ಟು. ಎಂಜಿನ್ನಿನ ವಯಸ್ಸು ಮತ್ತು ಟಿಯರ್ ನೋಡಿ ಕೊಡೋ ಹೊಗೆಯ ಅಂಕಿ ಅಂದರೆ ಗ್ರೇಡು. ಎಲ್ಲ ಸೇರಿಸಿ ಸರಾಸರಿ ತೆಗೀರಿ. ಇಲ್ಲಿ ಅಂಕಿ ಕಮ್ಮಿಯಾದಷ್ಟೂ ಒಳ್ಳೇದು, ವರ್ಷ ವರ್ಷ ಪಾಸ್ ಮಾರ್ಕು ಬಿಗಿಯಾಗ್ತಾ ಹೋಗತ್ತೆ. ಪಾಸಾಗಲಿಲ್ಲವೋ, ಆ ವರ್ಷ ಒಟ್ಟು ಹಾರ್ಸ್‌ಪವರಿನ ಇಂತಿಷ್ಟು ಪಾಲನ್ನ ಬದಲಾಯಿಸಬೇಕು: ಹಳೇ ಯಂತ್ರ ಮಾರಿ, ಇಲ್ಲಾ ಹೊಸ ಎಂಜಿನ್ ಕೂರಿಸಿ, ಇಲ್ಲಾ ಹೊಗೆ ಕೊಳವೆಗೆ ಮಾನ್ಯತೆ ಪಡೆದ ಫಿಲ್ಟರ್ ಹಾಕಿ. ವರ್ಷಕ್ಕೆ 200 ಗಂಟೆಗಿಂತ ಕಮ್ಮಿ ಓಡೋ ಯಂತ್ರಕ್ಕೆ ವಿನಾಯಿತಿ. ಸುಮ್ಮನೆ ನಿಂತಾಗ 5 ನಿಮಿಷಕ್ಕಿಂತ ಹೆಚ್ಚು ಎಂಜಿನ್ ಚಾಲೂ ಇಡೋ ಹಾಗಿಲ್ಲ.

ಕೇಳೋಕೆ ನ್ಯಾಯವಾಗೇ ಇದೆ. ಆದರೆ ಗುತ್ತಿಗೆದಾರನ ಕಡೆಯಿಂದಲೂ ನೋಡಬೇಕು. ಅವನ ಪಾಲಿಗೆ ಆ ಯಂತ್ರಗಳೇ ಬ್ಯಾಂಕ್ ಬ್ಯಾಲೆನ್ಸು, ಅವೇ ಪಿಎಫ್ಫು. ಸಾಲ ಬೇಕಂದರೆ ಅಡವಿಡೋದು ಅವನ್ನೇ. ಕೊಂಡಾಗ ಪೂರ್ತಿ ಕಾನೂನುಬದ್ಧವಾಗಿದ್ದ ಆಸ್ತಿಯ ಬೆಲೆ ಒಂದು ಮತದಾನದಿಂದ ಇಳಿದುಹೋದರೆ ಹೊಟ್ಟೆ ಉರಿಯಲ್ಲವೇ? ಕೆಲವು ಯಂತ್ರಗಳಿಗೆ ಫಿಲ್ಟರ್ ಕೂರಿಸಿದರೆ ಆಪರೇಟರಿಗೆ ಹಿಂದೆ ಮುಂದೆ ಕಾಣೋದಿಲ್ಲ ಅನ್ನೋ ಸುರಕ್ಷತೆಯ ಪ್ರಶ್ನೆಯೂ ಬಂತು. ಅದು ಬರೀ ನೆಪ ಆಗಿರಲಿಲ್ಲ, ನಿಯಮದಲ್ಲೇ ಅದಕ್ಕೆ ಜಾಗ ಮಾಡಿಕೊಡಬೇಕಾಯ್ತು.

ಅಷ್ಟರಲ್ಲಿ 2008ರ ಆರ್ಥಿಕ ಕುಸಿತ. ಮನೆ ಕಟ್ಟೋದೇ ನಿಂತುಹೋಯ್ತು, ಯಂತ್ರಗಳು ಯಾರ್ಡಿನಲ್ಲಿ ತುಕ್ಕು ಹಿಡಿದವು. 2010ರಲ್ಲಿ ಇನ್ನೊಂದು ಬಾಂಬು: ಈ ಯಂತ್ರಗಳ ಹೊಗೆಯನ್ನ ಮಂಡಳಿ ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಅಂದಾಜಿಸಿತ್ತು ಅನ್ನೋದು ಹೊರಬಿತ್ತು. ಕೆಲಸ ಇಲ್ಲದೆ ಯಂತ್ರ ನಿಂತಿದ್ದು ಒಂದು ಕಾರಣ. ಎಂಜಿನ್ನು ಎಷ್ಟು ಹೊರೆಯಲ್ಲಿ ದುಡಿಯತ್ತೆ ಅನ್ನೋ ಊಹೆಯೇ ಉಬ್ಬಿದ್ದು ಇನ್ನೊಂದು. ವಿರೋಧಿಗಳಿಗೆ ಹಬ್ಬ. ಆ ವರ್ಷದ ಡಿಸೆಂಬರಿನಲ್ಲಿ ಮಂಡಳಿ ಗಡುವುಗಳನ್ನ ಹಿಂದಕ್ಕೆ ತಳ್ಳಿತು. 5,000 ಹಾರ್ಸ್‌ಪವರಿಗಿಂತ ದೊಡ್ಡ ದಂಡುಗಳಿಗೆ 2014, ಮಧ್ಯಮದವಕ್ಕೆ 2017, 2,500 ಮತ್ತು ಅದಕ್ಕಿಂತ ಕಡಿಮೆಯ ಚಿಕ್ಕವಕ್ಕೆ 2019. ಕೇಂದ್ರದ ಒಪ್ಪಿಗೆ ಸಿಕ್ಕಿದ್ದೇ 2013ರ ಸೆಪ್ಟೆಂಬರಿನಲ್ಲಿ.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಇದೇ ಭಾಗ. ಲೆಕ್ಕ ತಪ್ಪಿದೆ ಅಂತ ಗೊತ್ತಾದಾಗ ಎರಡು ಸುಲಭದ ದಾರಿ ಇದ್ದವು: ತಪ್ಪನ್ನ ಮುಚ್ಚಿಹಾಕೋದು, ಇಲ್ಲಾ ನಿಯಮವನ್ನೇ ಕಸದಬುಟ್ಟಿಗೆ ಎಸೆಯೋದು. ಎರಡನ್ನೂ ಮಾಡಲಿಲ್ಲ. ಅಂಕಿ ತಿದ್ದಿದರು, ಗಡುವು ಸಡಿಲಿಸಿದರು, ನಿಯಮ ಉಳಿಸಿಕೊಂಡರು. ಹೊಗೆ ಅಂದುಕೊಂಡಷ್ಟು ಇಲ್ಲದೇ ಇರಬಹುದು, ಆದರೆ ಮಸಿ ವಿಷ ಅನ್ನೋದು ಬದಲಾಗಿರಲಿಲ್ಲವಲ್ಲ.

2022ರ ನವೆಂಬರಿನಲ್ಲಿ ಮತ್ತೆ ಬಿಗಿ ಮಾಡಿದರು. 2024ರ ಜನವರಿ 1ರಿಂದ ದೊಡ್ಡ ದಂಡುಗಳು ಟಿಯರ್ 0 ಯಂತ್ರಗಳನ್ನ ಕೈಬಿಡೋಕೆ ಶುರು ಮಾಡಬೇಕು. ಪೆಟ್ರೋಲಿಯಂ ಡೀಸೆಲ್ ಬದಲು ನವೀಕರಿಸಬಹುದಾದ ಡೀಸೆಲ್ ತುಂಬಿಸಬೇಕು. ಜೊತೆಗೆ ಕೆಲಸ ವಹಿಸೋ ಮುಖ್ಯ ಗುತ್ತಿಗೆದಾರನೇ ಉಪಗುತ್ತಿಗೆದಾರನ ಪ್ರಮಾಣಪತ್ರ ಕೇಳಬೇಕು. ಈ ಕೊನೆಯದ್ದು ಜಾಣತನದ ನಡೆ. ಇನ್‌ಸ್ಪೆಕ್ಟರ್ ಬರ್ತಾನೋ ಬಿಡ್ತಾನೋ, ಪತ್ರ ಇಲ್ಲ ಅಂದರೆ ಕೆಲಸವೇ ಸಿಗಲ್ಲ. ದಂಡಕ್ಕೆ ಹೆದರದವನೂ ಟೆಂಡರ್ ಕೈತಪ್ಪೋದಕ್ಕೆ ಹೆದರ್ತಾನೆ.

ಒಂದು ಮಾತು ಮಾತ್ರ ನನ್ನನ್ನ ಕೊರೀತಾ ಇರತ್ತೆ. ಹಳೇ ಯಂತ್ರವನ್ನ ರಾಜ್ಯದಿಂದ ಆಚೆ ಮಾರಿದರೂ ಇಲ್ಲಿನ ಲೆಕ್ಕದಲ್ಲಿ ಅದು ನಿವೃತ್ತಿಯೇ. ನನ್ನ ಶೀಟಿನಲ್ಲಿ ಒಂದು ಸಾಲು ಅಳಿದುಹೋಗತ್ತೆ, ಸರಾಸರಿ ಸುಧಾರಿಸತ್ತೆ. ಆದರೆ ಎಂಜಿನ್ನು ಸತ್ತಿಲ್ಲ, ಬೇರೆ ಯಾರದೋ ಮಗುವಿನ ಸ್ಕೂಲಿನ ಪಕ್ಕ ಮಣ್ಣು ಅಗೀತಿರತ್ತೆ.

ನಮ್ಮಲ್ಲೂ ಹೊಸ ನಿರ್ಮಾಣ ಯಂತ್ರಗಳಿಗೆ ಭಾರತ್ ಸ್ಟೇಜ್ 4 ನಿಯಮ 2021ರ ಏಪ್ರಿಲಿನಿಂದ, ಸ್ಟೇಜ್ 5 2025ರ ಜನವರಿಯಿಂದ ಬಂದಿದೆ. ಒಳ್ಳೇದೇ. ಆದರೆ ಅದು ಕಾರ್ಖಾನೆಯಿಂದ ಹೊಸದಾಗಿ ಹೊರಬರೋ ಯಂತ್ರದ ಮಾತು. ಬೆಂಗಳೂರಿನ ಗಲ್ಲಿಯಲ್ಲಿ ಈಗಾಗಲೇ ಗುಡುಗ್ತಿರೋ, ಯಾರೋ ಒಬ್ಬರು ಸಾಲ ಮಾಡಿ ಕೊಂಡ ಹಳೇ ಜೆಸಿಬಿಯ ಗತಿ ಏನು? ಅದನ್ನ ಬದಲಾಯಿಸೋ ಖರ್ಚು ಮಾಲೀಕನದ್ದೋ, ಕೆಲಸ ಕೊಟ್ಟ ಬಿಲ್ಡರದ್ದೋ, ಆ ಫ್ಲ್ಯಾಟ್ ಕೊಳ್ಳೋ ನಮ್ಮದೋ? ಮುಂದಿನ ಸಲ ಬುಕಿಂಗ್ ಮಾಡೋಕೆ ಸೈಟ್ ನೋಡಲು ಹೋದಾಗ ಪಾರ್ಕಿಂಗ್, ಕ್ಲಬ್‌ಹೌಸ್ ವಿಚಾರಿಸಿದ ಮೇಲೆ ಅಲ್ಲಿ ದುಡೀತಿರೋ ಯಂತ್ರ ಯಾವ ವರ್ಷದ್ದು ಅಂತಲೂ ಒಮ್ಮೆ ಕೇಳಿ ನೋಡಿ.