ನಂದಿಬೆಟ್ಟವೂ ಅಮೂರ್ತ ಚಿತ್ರದ ಪ್ರಮಾಣವೂ

ಅಮೂರ್ತವಾದ ಭೂದೃಶ್ಯಚಿತ್ರದಲ್ಲಿ ಬೆಟ್ಟವು ಬೆಟ್ಟದಂತೆಯೂ ಕೆರೆಯು ಕೆರೆಯಂತೆಯೂ ಕಾಣುವುದಿಲ್ಲವಷ್ಟೆ. ಹಾಗಿದ್ದಲ್ಲಿ ಅದನ್ನು ಇಂಥದೇ ಒಂದು ಸ್ಥಳದ ಚಿತ್ರವೆಂದು ಹೇಳುವುದಕ್ಕೆ ಆಧಾರವೇನು? ಚಿಕ್ಕಬಳ್ಳಾಪುರ ಸೀಮೆಯ ನಂದಿದುರ್ಗವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಬಹುದು.

೧೭೯೧ನೆಯ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿಯಿತು. ಆ ದಂಡಯಾತ್ರೆಯ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಮೈಸೂರು ಸೀಮೆಯ ದೃಶ್ಯಗಳನ್ನು ೧೭೯೪ರಲ್ಲಿ ಪ್ರಕಟಿಸಿದನು. ಅಂಥ ಚಿತ್ರಗಳಿಗೆ ಸಾದೃಶ್ಯವೇ ಪ್ರಾಣ. ಕೋಟೆ ಯಾವುದು, ಕಡಿದಾದ ಬಂಡೆ ಯಾವುದು ಎಂಬುದು ನೋಡಿದೊಡನೆ ತಿಳಿಯಬೇಕು.

ಆದರೆ ಸಾದೃಶ್ಯವು ಚಿತ್ರದ ಆರು ಅಂಗಗಳಲ್ಲಿ ಒಂದು ಮಾತ್ರ. ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಲಾ ವ್ಯಾಖ್ಯಾನವು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂದು ಅವುಗಳನ್ನು ಎಣಿಸುತ್ತದೆ. ಈ ಷಡಂಗವನ್ನು ಇಪ್ಪತ್ತನೆಯ ಶತಮಾನದಲ್ಲಿ ವಿವರಿಸಿದ ಅವನೀಂದ್ರನಾಥ ಠಾಕೂರರ ಶಿಷ್ಯರೇ ಮೈಸೂರು ಆಸ್ಥಾನದ ಕೆ. ವೆಂಕಟಪ್ಪನವರು. ಅವರ ಉದಕಮಂಡಲದ ಜಲವರ್ಣಚಿತ್ರಗಳಲ್ಲಿ ಮೋಡ ಮಂಜುಗಳು ಬಿಡಿವಿವರಗಳನ್ನು ಮರೆಮಾಡಿ, ಬೆಟ್ಟಸಾಲಿನ ಅಳತೆಗಳನ್ನೇ ಮುಂದಿಡುತ್ತವೆ. ಅವು ಅಮೂರ್ತ ಚಿತ್ರಗಳಲ್ಲ. ಅಮೂರ್ತದ ಕಡೆಗಿನ ದಾರಿಯು ಮಾತ್ರ ಅಲ್ಲಿ ಕಾಣಬರುತ್ತದೆ.

ನಂದಿಯಲ್ಲಿಯೂ ನಸುಕಿನ ಮಂಜು ಬಯಲನ್ನು ಮುಚ್ಚಿದಾಗ ಉಳಿಯುವುವು ಮೂರು: ಆಕಾಶದ ತೆರಪು, ಬಂಡೆಯ ಗಾತ್ರ, ಮಂಜಿನ ಪಟ್ಟಿ. ಚಿತ್ರಕಾರನ ಕೆಲಸವೆಲ್ಲವೂ ಇವುಗಳ ಹೊಂದಿಕೆಯಲ್ಲಿದೆ. ದಿಗಂತರೇಖೆಯನ್ನು ನಟ್ಟನಡುವೆ ಎಳೆದರೆ ಎರಡು ಭಾಗಗಳೂ ಸಮನಾಗಿ ಚಿತ್ರವು ಜಡವಾಗುವುದುಂಟು. ಮೇಲಕ್ಕೆ ಸರಿಸಿದರೆ ನೆಲದ ಭಾರವೂ, ಕೆಳಕ್ಕೆ ಇಳಿಸಿದರೆ ಆಕಾಶದ ವಿಸ್ತಾರವೂ ಹೆಚ್ಚುತ್ತವೆ. ಬಂಡೆಯನ್ನು ಒಂದು ಪಕ್ಕಕ್ಕೆ ಇಟ್ಟಾಗ ಎದುರು ಪಕ್ಕದ ಬರಿದಾದ ತೆರಪೋ, ಕಡುಬಣ್ಣದ ಸಣ್ಣ ಗುರುತೋ ಅದಕ್ಕೆ ಸರಿತೂಕವಾಗಬೇಕು. ಫ್ರಾನ್ಸಿನ ಪೌಲ್ ಸೆಜಾನನು ಸೇಂಟ್ ವಿಕ್ಟ್ವಾರ್ ಎಂಬ ಒಂದೇ ಬೆಟ್ಟವನ್ನು ೧೯೦೬ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮತ್ತೆ ಬರೆದುದರಲ್ಲಿ ಇಂಥ ಅನ್ವೇಷಣೆಯೇ ಕಾಣುತ್ತದೆ.

ಆದುದರಿಂದ ಅಮೂರ್ತ ಚಿತ್ರವು ಬಿಡುವುದು ಹೊರಗಣ ಸಾದೃಶ್ಯವನ್ನು, ಉಳಿಸಿಕೊಳ್ಳುವುದು ಪ್ರಮಾಣವನ್ನು. ಅದರ ಒಂದು ಖಂಡವನ್ನು ತೆಗೆದರೂ ಚಿತ್ರವು ಮೊದಲಿನಂತೆಯೇ ನಿಂತರೆ ಅದು ಬರಿಯ ಅಲಂಕಾರ. ಕುಸಿದರೆ ಅದು ರಚನೆ. ಬಂಡೆಗೂ ಆಕಾಶಕ್ಕೂ ಇರುವ ಆ ಸಂಬಂಧವು ನಂದಿಯನ್ನು ಬಲ್ಲವರಿಗೆ ಗುರುತು ಸಿಕ್ಕರೆ, ಅದನ್ನು ನಂದಿಯ ಚಿತ್ರವೆನ್ನಲು ಅಡ್ಡಿಯಿಲ್ಲ. ಕಲ್ಲುಗಣಿಗಳಿಂದ ಈ ಜಿಲ್ಲೆಯ ಗುಡ್ಡಗಳ ಆಕಾರವು ಮಾರ್ಪಡುತ್ತಿರುವ ಈಗ, ಪ್ರಮಾಣವನ್ನು ಉಳಿಸಿಕೊಂಡ ಚಿತ್ರವು ರಸಿಕರಿಗೆ ಮಾತ್ರವಲ್ಲ, ಇತಿಹಾಸಕಾರನಿಗೂ ಸಾಕ್ಷಿಯಾಗಬಲ್ಲದು.