ರೆಸ್ಪೆಕ್ಟ್ (ಗೀತೆ)

ರೆಸ್ಪೆಕ್ಟ್ ಅಮೆರಿಕದ ಸೋಲ್ ಸಂಗೀತದ ಪ್ರಸಿದ್ಧ ಗೀತೆಗಳಲ್ಲಿ ಒಂದು. ಇದನ್ನು ರಚಿಸಿ 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದ ಆವೃತ್ತಿ ಹೆಚ್ಚು ಜನಪ್ರಿಯವಾಯಿತು. ಶೀರ್ಷಿಕೆಯ ಅರ್ಥ ‘ಗೌರವ’. ಒಂದೇ ಗೀತೆಯು ಗಂಡಿನ ದನಿಯಿಂದ ಹೆಣ್ಣಿನ ದನಿಗೆ ಸಾಗಿದಾಗ ಅದರ ಅರ್ಥ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಓಟಿಸ್ ರೆಡ್ಡಿಂಗ್ ಅವರ ಆವೃತ್ತಿ

ಓಟಿಸ್ ರೆಡ್ಡಿಂಗ್ (1941–1967) ಜಾರ್ಜಿಯಾ ರಾಜ್ಯದ ಡಾಸನ್‌ನಲ್ಲಿ ಜನಿಸಿ ಮೇಕನ್ ನಗರದಲ್ಲಿ ಬೆಳೆದರು. ಮೆಂಫಿಸ್‌ನ ಸ್ಟ್ಯಾಕ್ಸ್ ಸಂಸ್ಥೆಯ ಅಂಗವಾದ ವೋಲ್ಟ್ ಎಂಬ ಹೆಸರಿನಡಿ ಅವರ ಧ್ವನಿಮುದ್ರಿಕೆಗಳು ಹೊರಬರುತ್ತಿದ್ದವು. ‘ರೆಸ್ಪೆಕ್ಟ್’ 1965ರಲ್ಲಿ ಬಿಡುಗಡೆಯಾಗಿ, ಅದೇ ವರ್ಷ ‘ಓಟಿಸ್ ಬ್ಲೂ’ ಆಲ್ಬಮ್‌ನಲ್ಲಿಯೂ ಸೇರಿತು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಅದು 4ನೆಯ ಸ್ಥಾನಕ್ಕೂ ಸಾಮಾನ್ಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 35ನೆಯ ಸ್ಥಾನಕ್ಕೂ ಏರಿತು.

ಈ ಆವೃತ್ತಿಯಲ್ಲಿ ಮಾತನಾಡುವವನು ದುಡಿದು ಮನೆಗೆ ಹಣ ತರುವ ಪುರುಷ. ತಾನಿಲ್ಲದಾಗ ಮಡದಿ ಏನು ಮಾಡಿದರೂ ಸೈರಿಸಲು ಅವನು ಸಿದ್ಧ. ಮನೆಗೆ ಬಂದಾಗ ತನಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂಬುದಷ್ಟೇ ಅವನ ಬೇಡಿಕೆ. ವೇಗದ ತಾಳ ಮತ್ತು ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಬಿರುಸಾದ ನಾದ ಅವನ ಕೋರಿಕೆಗೆ ಒತ್ತುಕೊಡುತ್ತವೆ.

ಅರೀಥಾ ಫ್ರಾಂಕ್ಲಿನ್ ಅವರ ಆವೃತ್ತಿ

ಅರೀಥಾ ಫ್ರಾಂಕ್ಲಿನ್ (1942–2018) ಡೆಟ್ರಾಯಿಟ್‌ನ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪ್ರಸಿದ್ಧ ಬೋಧಕ ಸಿ. ಎಲ್. ಫ್ರಾಂಕ್ಲಿನ್ ಅವರ ಮಗಳು. ಬಾಲ್ಯದಲ್ಲಿಯೇ ಚರ್ಚಿನಲ್ಲಿ ಗಾಸ್ಪೆಲ್ ಗೀತೆಗಳನ್ನು ಹಾಡುತ್ತಿದ್ದರು. ಕೊಲಂಬಿಯಾ ಸಂಸ್ಥೆಯಲ್ಲಿದ್ದ ವರ್ಷಗಳಲ್ಲಿ ಅವರಿಗೆ ದೊಡ್ಡ ಯಶಸ್ಸು ದೊರೆಯಲಿಲ್ಲ. 1966ರ ಕೊನೆಯಲ್ಲಿ ಅವರು ಅಟ್ಲಾಂಟಿಕ್ ಸಂಸ್ಥೆಯನ್ನು ಸೇರಿದರು.

1967ರ ಫೆಬ್ರವರಿ 14ರಂದು ನ್ಯೂಯಾರ್ಕ್‌ನ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ‘ರೆಸ್ಪೆಕ್ಟ್’ ಮುದ್ರಣಗೊಂಡಿತು. ನಿರ್ಮಾಪಕರು ಜೆರ್ರಿ ವೆಕ್ಸ್ಲರ್. ಡ್ರಮ್ಸ್ ನುಡಿಸಿದ ರೋಜರ್ ಹಾಕಿನ್ಸ್ ಸೇರಿದಂತೆ ವಾದಕರಲ್ಲಿ ಹಲವರು ಅಲಬಾಮಾದ ಮಸಲ್ ಶೋಲ್ಸ್‌ನಿಂದ ಬಂದವರು. ಪಿಯಾನೊವನ್ನು ಅರೀಥಾ ಅವರೇ ನುಡಿಸಿದರು.

ಮೂಲ ಗೀತೆಗೆ ಅವರು ಮಾಡಿದ ಬದಲಾವಣೆಗಳು ಮಹತ್ವದವು. ಇಲ್ಲಿ ಮಾತನಾಡುವವಳು ಮಹಿಳೆ. ಅವಳ ಕೈಯಲ್ಲಿ ತನ್ನದೇ ಹಣವಿದೆ. ಗಂಡಿಲ್ಲದಾಗ ತಪ್ಪು ನಡೆಯುವುದಿಲ್ಲ, ತನ್ನ ಮನಸ್ಸೇ ಅದಕ್ಕೆ ಒಪ್ಪುವುದಿಲ್ಲ ಎನ್ನುವ ಅವಳು ಗೌರವವನ್ನು ಬೇಡುವುದಿಲ್ಲ, ತನ್ನ ಹಕ್ಕಾಗಿ ಕೇಳುತ್ತಾಳೆ. ಶೀರ್ಷಿಕೆಯ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಭಾಗವು ರೆಡ್ಡಿಂಗ್ ಅವರ ಆವೃತ್ತಿಯಲ್ಲಿ ಇರಲಿಲ್ಲ. ಅರೀಥಾರ ಸಹೋದರಿಯರಾದ ಅರ್ಮಾ ಮತ್ತು ಕ್ಯಾರೊಲಿನ್ ಹಿಮ್ಮೇಳದಲ್ಲಿದ್ದರು. ಮುಖ್ಯ ಗಾಯಕಿಯ ಸಾಲಿಗೆ ಹಿಮ್ಮೇಳದವರು ಮರುನುಡಿಯುವ ಈ ಕ್ರಮ ಚರ್ಚಿನ ಗಾಯನದಿಂದ ಬಂದದ್ದು. ನಡುವೆ ಬರುವ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ವಾದನವೂ ಹೊಸ ಸೇರ್ಪಡೆ. ಅದರ ಸ್ವರಮೇಳಗಳನ್ನು ಸ್ಯಾಮ್ ಅಂಡ್ ಡೇವ್ ಜೋಡಿಯ ಮತ್ತೊಂದು ಸೋಲ್ ಗೀತೆಯಿಂದ ಪಡೆಯಲಾಯಿತು.

ಸ್ವೀಕಾರ ಮತ್ತು ಪ್ರಭಾವ

1967ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಈ ಆವೃತ್ತಿಯು ಜೂನ್‌ನಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನದಲ್ಲಿ 2 ವಾರ ಇತ್ತು. ಅರೀಥಾ ಅವರಿಗೆ ಮೊದಲ 2 ಗ್ರ್ಯಾಮಿ ಪ್ರಶಸ್ತಿಗಳನ್ನು ತಂದುಕೊಟ್ಟದ್ದೂ ಇದೇ ಗೀತೆ. ಮತದಾನದ ಹಕ್ಕು ಕಾಯ್ದೆ 1965ರಲ್ಲಷ್ಟೇ ಜಾರಿಗೆ ಬಂದಿತ್ತು. ಮಹಿಳೆಯರ ರಾಷ್ಟ್ರೀಯ ಸಂಘಟನೆ 1966ರಲ್ಲಿ ಸ್ಥಾಪನೆಯಾಗಿತ್ತು. ಗೀತೆಯಲ್ಲಿ ಚಳವಳಿಯ ಮಾತು ಒಂದೂ ಇಲ್ಲ. ಆದರೂ ಕರಿಯರ ನಾಗರಿಕ ಹಕ್ಕುಗಳ ಹೋರಾಟ ಮತ್ತು ಮಹಿಳಾ ಚಳವಳಿ ಎರಡೂ ಇದನ್ನು ತಮ್ಮ ಗೀತೆಯೆಂದು ಸ್ವೀಕರಿಸಿದವು.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ರೆಡ್ಡಿಂಗ್ ಇದನ್ನು ಹಾಡುವಾಗ, ಹುಡುಗಿಯೊಬ್ಬಳು ತನ್ನಿಂದ ಈ ಹಾಡನ್ನು ಕಸಿದುಕೊಂಡಳೆಂದು ಸಭಿಕರಿಗೆ ತಮಾಷೆಯಾಗಿ ಹೇಳಿದರು. ಅದೇ ವರ್ಷದ ಡಿಸೆಂಬರ್ 10ರಂದು, 26ನೆಯ ವಯಸ್ಸಿನಲ್ಲಿ, ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ಬಿದ್ದ ವಿಮಾನದಲ್ಲಿ ಅವರು ನಿಧನರಾದರು.

2002ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯವು ಅರೀಥಾರ ಧ್ವನಿಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಶ್ರೇಷ್ಠ ಗೀತೆಗಳ ಪಟ್ಟಿಯಲ್ಲಿ 2004ರಲ್ಲಿ 5ನೆಯ ಸ್ಥಾನದಲ್ಲಿದ್ದ ಇದು 2021ರ ಪರಿಷ್ಕೃತ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು.

ಗೌರವಧನದ ಪ್ರಶ್ನೆ

ಅಮೆರಿಕದ ಕಾನೂನಿನ ಪ್ರಕಾರ ಸಾಮಾನ್ಯ ರೇಡಿಯೊ ಕೇಂದ್ರಗಳು ಗೀತೆಯನ್ನು ಪ್ರಸಾರ ಮಾಡಿದಾಗ ರಚನಕಾರರಿಗೆ ಮತ್ತು ಪ್ರಕಾಶಕರಿಗೆ ಗೌರವಧನ ಸಲ್ಲುತ್ತದೆ, ಹಾಡಿದವರಿಗೆ ಸಲ್ಲುವುದಿಲ್ಲ. ಆದ್ದರಿಂದ ಅರೀಥಾರ ಧ್ವನಿ ಅಲ್ಲಿನ ರೇಡಿಯೊದಲ್ಲಿ ಪ್ರಸಾರವಾದಾಗಲೆಲ್ಲ ರಚನಕಾರರ ಪಾಲು ರೆಡ್ಡಿಂಗ್ ಅವರ ವಾರಸುದಾರರಿಗೆ ಸೇರುತ್ತಿತ್ತು, ಗಾಯಕಿಗೆ ಏನೂ ಸೇರುತ್ತಿರಲಿಲ್ಲ. 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳ ಡಿಜಿಟಲ್ ಪ್ರಸಾರಕ್ಕೆ ಕಲಾವಿದರಿಗೂ ಗೌರವಧನ ಸಿಗಬೇಕೆಂದು 2014ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡಿಸಿದ ಮಸೂದೆಗೆ ಈ ಗೀತೆಯ ಹೆಸರನ್ನೇ ಇಡಲಾಗಿತ್ತು. ಅದು ಕಾಯ್ದೆಯಾಗಲಿಲ್ಲ. ಹಳೆಯ ಧ್ವನಿಮುದ್ರಣಗಳ ಡಿಜಿಟಲ್ ಪ್ರಸಾರಕ್ಕೆ ಇಂಥ ಹಕ್ಕನ್ನು ನೀಡಿದ ಸಂಗೀತ ಆಧುನೀಕರಣ ಕಾಯ್ದೆಗೆ 2018ರ ಅಕ್ಟೋಬರ್‌ನಲ್ಲಿ ಅಂಕಿತ ಬಿದ್ದಿತು. ಅರೀಥಾ ಫ್ರಾಂಕ್ಲಿನ್ ಅದೇ ವರ್ಷದ ಆಗಸ್ಟ್ 16ರಂದು ನಿಧನರಾಗಿದ್ದರು.